ಅಪರೂಪದ ಮಂಗನ ಸಿಡುಬಿಗೆ (ಎಂಪಾಕ್ಸ್‌ಗೆ) ಕೊಡಗಿನಲ್ಲಿ ಪ್ರತ್ಯೇಕ ತಯಾರಿ ಬೇಕಾ?

ಪರ: ಬೇಕು, ಈಗಲೇ ಬೇಕು

ನನ್ನ ಅಜ್ಜಿಯ ತೋಳಿನಲ್ಲಿ ನಾಲ್ಕಾಣೆ ಅಗಲದ ಒಂದು ಕಲೆ ಇತ್ತು. ಸಿಡುಬಿನ ಲಸಿಕೆಯ ಗುರುತು. ನನ್ನ ತೋಳಿನಲ್ಲಿ ಅದಿಲ್ಲ. ಸಿಡುಬು ಜಗತ್ತಿನಿಂದಲೇ ತೊಲಗಿತು ಎಂದು 1980ರಲ್ಲಿ ಸಾರಿದರು, ಲಸಿಕೆಯೂ ನಿಂತಿತು. ಆ ಲಸಿಕೆ ಮಂಗನ ಸಿಡುಬನ್ನೂ ತಕ್ಕಮಟ್ಟಿಗೆ ತಡೆಯುತ್ತಿತ್ತು. ಇವತ್ತು ತೋಟದಲ್ಲಿ ದುಡಿಯುವವರಲ್ಲಿ ಹೆಚ್ಚಿನವರಿಗೆ ಆ ರಕ್ಷಣೆ ಇಲ್ಲ.

ಎಲ್ಲೋ ಆಫ್ರಿಕಾದ ಕಾಯಿಲೆ, ನಮಗ್ಯಾಕೆ ಅನ್ನುತ್ತಾರೆ. 2022ರ ಜುಲೈನಲ್ಲಿ ದೇಶದ ಮೊದಲ ರೋಗಿ ಸಿಕ್ಕಿದ್ದು ಕೇರಳದ ಕೊಲ್ಲಂನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಹೊಸ ತಳಿ ಕಂಡಿದ್ದು ಮಲಪ್ಪುರಂನಲ್ಲಿ. 2025ರ ಜನವರಿಯಲ್ಲಿ ದುಬೈನಿಂದ ಮಂಗಳೂರಿಗೆ ಬಂದಿಳಿದ ಒಬ್ಬರಲ್ಲಿ. ವಿರಾಜಪೇಟೆಯವರು ಗಲ್ಫ್‌ಗೆ ವಿಮಾನ ಹತ್ತುವುದು ಎಲ್ಲಿ? ಮಾಕುಟ್ಟ ಘಾಟಿ ಇಳಿದು ಕಣ್ಣೂರಿನಲ್ಲಿ, ಇಲ್ಲವೇ ಮಂಗಳೂರಿನಲ್ಲಿ.

ಕಾಫಿ ಕುಯ್ಲಿನ ಸಮಯದಲ್ಲಿ ತೋಟದ ಕೆಲಸಗಾರರ ಒಂದು ಲೈನ್ ಮನೆಯ ಒಳಗೆ ಹೋಗಿ ನೋಡಿ. ಒಂದೇ ಕೋಣೆ, ಐದಾರು ಜನ, ಹಂಚಿಕೊಂಡು ಹೊದೆಯುವ ಕಂಬಳಿ, ಹೊರಗೊಂದು ನಲ್ಲಿ. ಈ ಕಾಯಿಲೆ ಹರಡುವುದೇ ಮೈಗೆ ಮೈ ತಾಗಿ, ಗುಳ್ಳೆಯ ರಸ ಅಂಟಿದ ಬಟ್ಟೆ-ಹೊದಿಕೆಯಿಂದ. ಮೈಮೇಲೆ ಗುಳ್ಳೆ ಎದ್ದರೆ ಅಲ್ಲಿ ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಸಾಮಾನ್ಯವಾಗಿ ಅದು ಸೀತಾಳೆಯೇ (ಚಿಕನ್‌ಪಾಕ್ಸ್). ಆದರೆ ಕುತ್ತಿಗೆಯಲ್ಲಿ, ತೊಡೆಸಂದಿಯಲ್ಲಿ ಗಡ್ಡೆ ಊದಿ, ಅಂಗೈ ಅಂಗಾಲಿನಲ್ಲೂ ಗುಳ್ಳೆ ಎದ್ದಿದ್ದರೆ? ಆ ವ್ಯತ್ಯಾಸ ಹಿಡಿಯುವ ಕಣ್ಣು ತರಬೇತಿಯಿಂದ ಬರಬೇಕು, ಅಲ್ವಾ?

ಮಾದರಿ ತೆಗೆಯುವ ಕಿಟ್, ಪುಣೆಯ ವೈರಸ್ ಲ್ಯಾಬ್‌ಗೆ ಕಳಿಸುವ ದಾರಿ, ತಾಲ್ಲೂಕಿಗೊಂದು ಪ್ರತ್ಯೇಕ ಕೋಣೆ. ಇದನ್ನೆಲ್ಲ ರೋಗ ಬಂದ ದಿನ ಓಡಾಡಿ ಹೊಂದಿಸೋಕೆ ಆಗಲ್ಲ. ಜೊತೆಗೆ, ಮಲಗಿದ ರೋಗಿಗೆ ಅಷ್ಟೂ ದಿನದ ಕೂಲಿ ಸಿಗಬೇಕು. ಇಲ್ಲದಿದ್ದರೆ ಅವನು ತುಂಬು ತೋಳಿನ ಶರ್ಟು ಹಾಕಿ, ಗುಳ್ಳೆ ಮುಚ್ಚಿಕೊಂಡು ಕುಯ್ಲಿಗೆ ಬರುತ್ತಾನೆ.

ವಿರೋಧ: ಬೇಡ, ಇರುವುದನ್ನು ಗಟ್ಟಿ ಮಾಡಿ

ಲೈನ್ ಮನೆಯ ಮಾತು ನಿಜ. ಕೂಲಿಯ ಮಾತು ಇನ್ನೂ ನಿಜ. ನನ್ನ ತಕರಾರು ‘ಪ್ರತ್ಯೇಕ’ ಅನ್ನುವುದಕ್ಕೆ.

ಕೋವಿಡ್‌ಗೆಂದು ಪ್ರತ್ಯೇಕವಾಗಿ ತರಿಸಿದ ಸಾಮಾನನ್ನು ನಮ್ಮ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಮಳೆಗಾಲದಲ್ಲಿ ನೋಡಿದೆ. ಗ್ಲೌಸಿನ ಡಬ್ಬಿಗಳಿಗೆ ಬೂಷ್ಟು ಹಿಡಿದಿತ್ತು. ಒಂದನ್ನು ಎಳೆದರೆ ಬೆರಳಿಗೆ ಅಂಟಿಕೊಂಡೇ ಹರಿಯಿತು. ಹೊರಗೆ ಬೆಂಚಿನ ಮೇಲೆ ಆದಿವಾಸಿ ಹಾಡಿಯ ತಾಯಿಯೊಬ್ಬಳು ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಡಾಕ್ಟರು ಆ ದಿನ ಇನ್ನೊಂದು ಕಡೆ ಡ್ಯೂಟಿಯಲ್ಲಿದ್ದರು.

ಈ ಸಿಡುಬು ಕೋವಿಡ್‌ನಷ್ಟು ಸುಲಭವಾಗಿ ಹರಡಲ್ಲ. ಹೆಚ್ಚಿನವರು ಎರಡರಿಂದ ನಾಲ್ಕು ವಾರದಲ್ಲಿ ಎದ್ದು ಓಡಾಡುತ್ತಾರೆ. 2024ರ ಆಗಸ್ಟ್‌ನಲ್ಲಿ ಸಾರಿದ ಜಾಗತಿಕ ತುರ್ತುಸ್ಥಿತಿಯೂ 2025ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಹಾಡಿಗಳ ಕ್ಷಯ, ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಮಾತ್ರ ಮುಗಿದಿಲ್ಲ.

ಹೆಸರಿನಿಂದಲೇ ಇನ್ನೊಂದು ತೊಂದರೆ ಇದೆ. ನಮ್ಮಲ್ಲಿ ಮಂಗನ ಕಾಯಿಲೆ ಅಂದರೆ ಉಣ್ಣೆ ಹುಳು ಕಚ್ಚಿ ಬರುವ ಜ್ವರ. ಮಂಗನ ಸಿಡುಬು ಬೇರೆಯೇ. 1958ರಲ್ಲಿ ಡೆನ್ಮಾರ್ಕ್‌ನ ಲ್ಯಾಬಿನ ಕೋತಿಗಳಲ್ಲಿ ಮೊದಲು ಕಂಡಿದ್ದಕ್ಕೆ ಆ ಹೆಸರು ಬಂತು, ಅಷ್ಟೇ. ಪ್ರತ್ಯೇಕ ವಾರ್ಡ್, ಪ್ರತ್ಯೇಕ ಬೋರ್ಡ್ ಅಂತ ಶುರುವಾದರೆ ಜನ ತೋಟದ ಕೋತಿಯ ಮೇಲೆ ಕೋವಿ ಎತ್ತುತ್ತಾರೋ ಎಂದು ನನಗೆ ಭಯ. 2020ರ ಮಾರ್ಚ್‌ನಲ್ಲಿ ಕೋವಿಡ್ ತಡೆಯಲೆಂದು ಮಾಕುಟ್ಟದ ರಸ್ತೆಗೆ ಮಣ್ಣು ಸುರಿದಾಗ ಕೇರಳದ ಗಡಿಯಾಚೆಯವರೆಲ್ಲ ರೋಗಿಗಳಂತೆ ಕಂಡಿದ್ದರು. ಮುಂದಿನ ಸಲ ಆ ಕಣ್ಣು ಅಸ್ಸಾಂನಿಂದ ಬಂದ ಕೆಲಸಗಾರರ ಮೇಲೆ ಬೀಳುತ್ತದೆ.

ದುಡ್ಡನ್ನು ಆಶಾ ಕಾರ್ಯಕರ್ತೆಯ ಕೈಗೆ ಕೊಡಿ. ದಡಾರ, ಸೀತಾಳೆ, ಮಂಗನ ಸಿಡುಬು, ಯಾವುದೇ ಬಂದರೂ ಬಾಗಿಲ ಬೇವಿನ ಸೊಪ್ಪು ಮೊದಲು ಕಾಣುವುದು ಅವಳಿಗೆ. ಈಗ ಅದನ್ನು ಕಂಡ ಮೇಲೆ ಫೋನ್ ಮಾಡಲು ಅವಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು.