ಎಡಗಡೆಯ ಆ ಪಟ್ಟಿ ನಿಮ್ಮದು ಮಾರಾಯ್ರೇ

ಇವತ್ತು ಶಿರಸಿಯ ಒಂದು ಝೆರಾಕ್ಸ್ ಅಂಗಡಿ. ಕೌಂಟರಿನ ಈಚೆ ನಾಲ್ಕು ಜನ, ಆಚೆ ಒಬ್ಬನೇ ಹುಡುಗ. ಮುಂದೆ ನಿಂತ ಹಿರಿಯರಿಗೆ ಮಗಳ ಮದುವೆ ಕಾಗದದ ಎರಡನೇ ಪ್ರೂಫ್ ಬೇಕಿತ್ತು. ಹುಡುಗ ದಿಸ್ ಪಿಸಿ ಒತ್ತಿದ. ಡಿ ಡ್ರೈವ್. ವರ್ಕ್. 2025. ಮದುವೆ. ನ್ಯೂ ಫೋಲ್ಡರ್. ಅಲ್ಲಿಲ್ಲ. ಒಂದು ಮೆಟ್ಟಿಲು ಹಿಂದೆ ಬಂದು ನ್ಯೂ ಫೋಲ್ಡರ್ ಎರಡು.

"ಎಲ್ಲಿಟ್ಟಿದ್ಯಾ ತಮಾ?"

"ಇಲ್ಲೇ ಎಲ್ಲೋ ಇದ್ದು ಹೆಗ್ಡೇರೇ, ತಡೀರಿ."

ಸಿಕ್ಕಿತು. ಹೆಸರು ತಿದ್ದಿ ಪಿಡಿಎಫ್ ಸೇವ್ ಮಾಡುವಾಗ ಪುನಃ ದಿಸ್ ಪಿಸಿಯಿಂದಲೇ ಯಾತ್ರೆ. ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಕಳಿಸುವಾಗ ಮೂರನೇ ಸಲ. ಒಂದೇ ಫೋಲ್ಡರಿಗೆ ಹದಿನೆಂಟು ಕ್ಲಿಕ್. ಅಷ್ಟೂ ಹೊತ್ತು ಅದೇ ಕಿಟಕಿಯ, ಅಂದರೆ ವಿಂಡೋಸಿನ ಫೈಲ್ ಎಕ್ಸ್‌ಪ್ಲೋರರಿನ, ಎಡಗಡೆ ಸೈಡ್‌ಬಾರ್‌ನಲ್ಲಿ ಏನಿತ್ತು ಗೊತ್ತೇ? ಹೋಮ್, ಗ್ಯಾಲರಿ, ಒನ್‌ಡ್ರೈವ್, ಮ್ಯೂಸಿಕ್, ವಿಡಿಯೋಸ್. ಡಿಟಿಪಿ ಅಂಗಡಿಯಲ್ಲಿ ಮ್ಯೂಸಿಕ್ ಫೋಲ್ಡರ್ ತೆರೆಯುವವರು ಯಾರು? ಹಿತ್ತಲಿಗೆ ಹೋಗೋಕೆ ದೇವಿಮನೆ ಘಟ್ಟ ಇಳಿದು ಕುಮಟಾ ಸುತ್ತಿ ಬಂದ ಹಾಗೆ. ಹಿತ್ತಲ ಬಾಗಿಲು ಮಾತ್ರ ತೆರೆದೇ ಇದೆ.

ನನಗೆ ಸಿಟ್ಟು ಹುಡುಗನ ಮೇಲಲ್ಲ. ಅವನಿಗೆ ಯಾರೂ ಹೇಳಿಲ್ಲ. ಟ್ಯಾಲಿ ಕಲಿಸುತ್ತಾರೆ, ಫೋಟೋಶಾಪ್ ಕಲಿಸುತ್ತಾರೆ. ದಿನಕ್ಕೆ ಇನ್ನೂರು ಸಲ ಕಣ್ಣಿಗೆ ಬೀಳುವ ಈ ಪಟ್ಟಿಯನ್ನು ಬದಲಿಸಬಹುದು ಅಂತ ಒಂದು ಮಾತು ಹೇಳುವುದಿಲ್ಲ. ಅದೇ ಊರಿನಲ್ಲಿ ಚಾಲಿ ಅಡಿಕೆ ಚೀಲಕ್ಕೆ ನಾಲ್ಕು ಬಿಳೆಗೋಟು ಬಿದ್ದರೆ ಮನೆಯವರಿಗೆಲ್ಲ ಗೊತ್ತಾಗುತ್ತೆ. ರಾಶಿ, ಬೆಟ್ಟೆ, ಕೆಂಪುಗೋಟು ಅಂತ ಕಣ್ಣು ಮುಚ್ಚಿ ವಿಂಗಡಿಸುವ ಜನ, ಕಂಪ್ಯೂಟರ್ ಎದುರು ಕೂತರೆ ಕಂಪನಿಯವನು ಬಡಿಸಿದ್ದನ್ನೇ ಉಣ್ಣುತ್ತಾರೆ.

ಸರಿ, ಕೆಲಸಕ್ಕೆ ಬರೋಣ. ವಿಂಡೋಸ್ 10 ಮತ್ತು 11ರಲ್ಲಿ ಬೇಕಾದ ಫೋಲ್ಡರಿನ ಮೇಲೆ ರೈಟ್ ಕ್ಲಿಕ್, ಪಿನ್ ಟು ಕ್ವಿಕ್ ಆಕ್ಸೆಸ್, ಅಂದರೆ ಎಡಗಡೆಯ ಪಟ್ಟಿಗೆ ಸಿಕ್ಕಿಸು. ಮುಗೀತು. ಬೇಡದ್ದರ ಮೇಲೆ ರೈಟ್ ಕ್ಲಿಕ್, ಅನ್‌ಪಿನ್. ಮ್ಯೂಸಿಕ್, ವಿಡಿಯೋಸ್ ಎರಡನ್ನೂ ಹೀಗೇ ಕಳಿಸಿ. ಅನ್‌ಪಿನ್ ಮಾಡಿದರೆ ಫೈಲ್ ಹೋಗುತ್ತೆ ಅಂತ ಹೆದರುವವರಿದ್ದಾರೆ. ಹೋಗುವುದಿಲ್ಲ. ಪಿನ್ ಅಂದರೆ ದಾರಿ ತೋರಿಸುವ ಬೋರ್ಡು. ಬೋರ್ಡು ಕಿತ್ತರೆ ಊರು ಮಾಯವಾಗುತ್ತದೆಯೇ?

ಫೋಲ್ಡರನ್ನು ಎಳೆದು ತಂದು ಸೈಡ್‌ಬಾರ್‌ನಲ್ಲಿ ಬಿಡಲೂಬಹುದು. ಆದರೆ ಅನಾಹುತ ಆಗುವುದು ಅಲ್ಲೇ. ಎರಡು ಸಾಲಿನ ನಡುವೆ ಬಿಡುವ ಬದಲು ಕೈ ತಪ್ಪಿ ಇನ್ನೊಂದು ಫೋಲ್ಡರಿನ ಮೇಲೆ ಬಿಟ್ಟರೆ ಪಿನ್ ಆಗುವುದಿಲ್ಲ, ಇಡೀ ಫೋಲ್ಡರ್ ಅದರೊಳಗೆ ಹೋಗಿ ಕೂರುತ್ತೆ. ಎರಡೂ ಒಂದೇ ಡ್ರೈವಿನಲ್ಲಿದ್ದರೆ ಮೂವ್ ಆಗುತ್ತೆ, ಬೇರೆ ಬೇರೆ ಡ್ರೈವಾದರೆ ಕಾಪಿ. "ನಿನ್ನೆ ಇತ್ತು, ಇವತ್ತು ಫೋಲ್ಡರೇ ಇಲ್ಲ" ಎನ್ನುವ ಫೋನುಗಳಲ್ಲಿ ಅರ್ಧ ಇದೇ ಕಥೆ. ತಕ್ಷಣ ಗೊತ್ತಾದರೆ ಕಂಟ್ರೋಲ್ ಝಡ್ ಒತ್ತಿ, ಇದ್ದಲ್ಲಿಗೇ ವಾಪಸ್ ಬರುತ್ತೆ. ಹಾಗಾಗಿ ಸೇರಿಸೋಕೆ ರೈಟ್ ಕ್ಲಿಕ್ಕೇ ಲೇಸು. ಎಳೆಯುವುದು ಪಟ್ಟಿಯೊಳಗೆ ಮೇಲೆ ಕೆಳಗೆ ಮಾಡೋಕೆ ಮಾತ್ರ. ಆ ಕ್ರಮ ಅಕ್ಷರಮಾಲೆಯದ್ದಲ್ಲ, ನೀವು ಇಟ್ಟದ್ದೇ ಉಳಿಯುತ್ತೆ. ಈ ವಾರದ ಕೆಲಸ ಎಲ್ಲಕ್ಕಿಂತ ಮೇಲಿರಲಿ.

ಇನ್ನು ಪಟ್ಟಿಯನ್ನು ಸರಿಯಾಗಿ ನೋಡಿ. ಕೆಲವು ಸಾಲುಗಳ ಬಲಗಡೆ ಸಣ್ಣ ಗುಂಡುಸೂಜಿ ಚಿಹ್ನೆ ಇರುತ್ತೆ, ಕೆಲವಕ್ಕೆ ಇರುವುದಿಲ್ಲ. ಸೂಜಿ ಇಲ್ಲದವು ಕರೆಯದೆ ಬಂದ ನೆಂಟರು. ನೀವು ಪದೇ ಪದೇ ತೆರೆದಿರಿ ಅಂತ ವಿಂಡೋಸ್ ತಾನೇ ತಂದು ಕೂರಿಸಿದವು, ನಾಳೆ ತಾವೇ ಎದ್ದು ಹೋಗುತ್ತವೆ. ಕೈಗೆ ರೂಢಿಯಾದ ಜಾಗ ದಿನಾ ಬದಲಾಗುತ್ತಿದ್ದರೆ ಪಟ್ಟಿ ಇದ್ದೂ ಇಲ್ಲದ ಹಾಗೆ. ಎಕ್ಸ್‌ಪ್ಲೋರರ್‌ನ ಮೇಲ್ಗಡೆಯ ಮೂರು ಚುಕ್ಕಿ ಒತ್ತಿ ಆಪ್ಷನ್ಸ್‌ಗೆ ಹೋಗಿ. ವಿಂಡೋಸ್ 10ರಲ್ಲಾದರೆ ವ್ಯೂ ಟ್ಯಾಬಿನಲ್ಲಿ ಆಪ್ಷನ್ಸ್. ಜನರಲ್ ಟ್ಯಾಬಿನ ಕೆಳಗೆ ಪ್ರೈವೆಸಿ ಅಂತಿದೆ. ಪದೇ ಪದೇ ಬಳಸುವ ಫೋಲ್ಡರ್ ತೋರಿಸು ಎನ್ನುವ ಟಿಕ್ ತೆಗೆಯಿರಿ. ಇತ್ತೀಚಿನ ಫೈಲ್ ತೋರಿಸು ಎನ್ನುವುದನ್ನೂ ತೆಗೆಯಿರಿ, ಪಕ್ಕದ ಕ್ಲಿಯರ್ ಒತ್ತಿ. ಎರಡನೆಯದು ಬರೀ ಅಚ್ಚುಕಟ್ಟಿನ ಮಾತಲ್ಲ. ಅಂಗಡಿಯಲ್ಲಿ ಎಕ್ಸ್‌ಪ್ಲೋರರ್ ತೆರೆದ ಕೂಡಲೇ ಹಿಂದಿನ ಗಿರಾಕಿಯ ಆಧಾರ್ ಸ್ಕ್ಯಾನ್, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಫೈಲುಗಳು ಹೆಸರು ಸಮೇತ ಕೌಂಟರಿನ ಈಚೆ ನಿಂತವರಿಗೆಲ್ಲ ಕಾಣುತ್ತವೆ. ಇವತ್ತು ನನಗೂ ಕಂಡವು. ಓದಬಾರದಿತ್ತು, ಓದಿದೆ.

ಹೆಸರಿನ ವಿಷಯಕ್ಕೆ ಬಂದರೆ ಮೈಕ್ರೋಸಾಫ್ಟಿನ ಮೇಲೂ ಸಿಟ್ಟು ಬರುತ್ತೆ. ವಿಂಡೋಸ್ 7ರಲ್ಲಿ ಇದೇ ಜಾಗಕ್ಕೆ ಫೇವರಿಟ್ಸ್ ಅಂತಿತ್ತು. ಅವು ಲಿಂಕ್ಸ್ ಎಂಬ ಫೋಲ್ಡರಿನಲ್ಲಿದ್ದ ಸಾದಾ ಶಾರ್ಟ್‌ಕಟ್‌ಗಳು. ಮೂಲ ಫೋಲ್ಡರಿನ ಹೆಸರು ಏನೇ ಇರಲಿ, ಪಟ್ಟಿಯಲ್ಲಿ ನಮಗೆ ಬೇಕಾದ ಹೆಸರು ಕೊಡಬಹುದಿತ್ತು. 2015ರಲ್ಲಿ ವಿಂಡೋಸ್ 10ರ ಜೊತೆ ಕ್ವಿಕ್ ಆಕ್ಸೆಸ್ ಬಂತು, ಆ ಸೌಕರ್ಯ ಹೋಯಿತು. ಈಗ ಪಟ್ಟಿಯಲ್ಲಿ ಕಾಣುವುದು ಫೋಲ್ಡರಿನ ಸ್ವಂತ ಹೆಸರು, ಅದೂ ಕೊನೆಯ ತುಂಡು ಮಾತ್ರ. ಮದುವೆಯೊಳಗಿನ ಫೋಟೋ, ಉಪನಯನದೊಳಗಿನ ಫೋಟೋ, ಜಾತ್ರೆಯೊಳಗಿನ ಫೋಟೋ ಮೂರನ್ನೂ ಪಿನ್ ಮಾಡಿದರೆ ಸಾಲಾಗಿ ಫೋಟೋ, ಫೋಟೋ, ಫೋಟೋ. ಯಾವುದು ಯಾವುದೋ ದೇವರೇ ಬಲ್ಲ. ಮೌಸ್ ಇಟ್ಟು ಕಾದರೆ ಪೂರ್ತಿ ದಾರಿ ಕಾಣಬಹುದು, ಕಾಯುವುದೇ ಆದರೆ ಪಟ್ಟಿ ಯಾಕೆ? ಮೂಲ ಫೋಲ್ಡರಿಗೇ ಪೂರ್ತಿ ಹೆಸರಿಡಿ: ಮದುವೆ ಫೋಟೋ, ಜಾತ್ರೆ ಫೋಟೋ. ನ್ಯೂ ಫೋಲ್ಡರ್ ಎಂಬ ಹೆಸರಿನದ್ದನ್ನು ಪಿನ್ ಮಾಡುವವರಿಗೆ ಏನು ಹೇಳಬೇಕೋ ನನಗೆ ತಿಳಿಯದು.

ಕನ್ನಡದಲ್ಲಿ ಹೆಸರಿಡಬಹುದೇ? ಧಾರಾಳ. ಆದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆನ್ಸಿ ಕ್ರಮದಲ್ಲಿ ಟೈಪ್ ಮಾಡಿದರೆ ಫೋಲ್ಡರಿನ ಹೆಸರು ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತೆ. ಕಾರಣ ಸರಳ: ಆ ಕ್ರಮದಲ್ಲಿ ಒಳಗೆ ಕೂರುವುದು ಇಂಗ್ಲಿಷ್ ಸಂಕೇತಗಳೇ, ನುಡಿ ಫಾಂಟ್ ಹಾಕಿದಾಗ ಮಾತ್ರ ಕನ್ನಡದ ವೇಷ. ಪುಟ ಜೋಡಿಸುವ ಪೇಜ್‌ಮೇಕರ್‌ನೊಳಗೆ ಆ ಫಾಂಟ್ ಹಾಕಬಹುದು, ಸೈಡ್‌ಬಾರ್‌ಗೆ ಹಾಕೋಕಾಗುವುದಿಲ್ಲ. ಅಲ್ಲಿ ವಿಂಡೋಸಿನ ಸ್ವಂತ ಫಾಂಟೇ. ಹೆಸರಿಡುವಾಗ ನುಡಿಯನ್ನು, ಕನ್ನಡ ಅಕ್ಷರಗಳಿಗೆ ಸ್ವಂತ ಸಂಕೇತ ಕೊಡುವ ಯುನಿಕೋಡ್‌ಗೆ ತಿರುಗಿಸಿ, ಇಲ್ಲವೇ ವಿಂಡೋಸಿನದೇ ಕನ್ನಡ ಕೀಬೋರ್ಡ್ ಬಳಸಿ.

ಈಗ ಒಬ್ಬರಾದರೂ ಕಮೆಂಟಿನಲ್ಲಿ ಬರೆಯುತ್ತಾರೆ, "ಸರ್ಚ್ ಇದೆಯಲ್ಲ, ಪಿನ್ ಯಾಕೆ?" ಬರೆಯಿರಿ, ಉತ್ತರ ಇಲ್ಲೇ ಇದೆ. ವಿಂಡೋಸ್ ಸರ್ಚ್ ತಾನಾಗಿ ಇಂಡೆಕ್ಸ್ (ಹುಡುಕೋಕೆ ಮೊದಲೇ ಹೆಸರುಪಟ್ಟಿ) ಮಾಡಿಟ್ಟುಕೊಳ್ಳುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಜಾಗಗಳನ್ನು. ನಮ್ಮವರ ಆಸ್ತಿಯೆಲ್ಲ ಇರುವುದು ಡಿ ಡ್ರೈವಿನಲ್ಲಿ. ಅಲ್ಲಿ ಹುಡುಕಿಸಿದರೆ ಒಂದೊಂದೇ ಫೋಲ್ಡರ್ ತೆರೆದು ನೋಡುತ್ತಾ ಹೋಗುತ್ತೆ, ಅಷ್ಟರಲ್ಲಿ ಚಾ ಕುಡಿದು ಬರಬಹುದು. ಸೆಟ್ಟಿಂಗ್ಸ್‌ನಲ್ಲಿ ಎನ್‌ಹಾನ್ಸ್ಡ್ ಮಾಡಿದರೆ ಇಡೀ ಕಂಪ್ಯೂಟರ್ ಇಂಡೆಕ್ಸ್ ಆಗುತ್ತೆ, ಒಪ್ಪಿದೆ. ಎವೆರಿಥಿಂಗ್ ಎಂಬ ಪುಟ್ಟ ಪ್ರೋಗ್ರಾಂ ಇದೆ, ಹೆಸರಿನ ಹುಡುಕಾಟದಲ್ಲಿ ಅದು ನಿಜಕ್ಕೂ ಮಿಂಚು, ಅದನ್ನೂ ಒಪ್ಪಿದೆ. ಆದರೆ ಹುಡುಕೋಕೆ ಹೆಸರು ನೆನಪಿರಬೇಕಲ್ಲ? "ಫೈನಲ್ 2 ಹೊಸದು ಕರೆಕ್ಟ್" ಅಂತ ಸೇವ್ ಮಾಡಿದವನು ನಾಳೆ ಏನೆಂದು ಹುಡುಕುತ್ತಾನೆ?

ಇನ್ನೊಂದು ವಾದ: ಸೇವ್ ಮಾಡುವ ಡಬ್ಬಿ ಹಿಂದಿನ ಫೋಲ್ಡರನ್ನು ತಾನೇ ನೆನಪಿಟ್ಟುಕೊಳ್ಳುತ್ತೆ. ಹೌದು, ನಡುವೆ ಬೇರೆ ಗಿರಾಕಿ ಬರುವ ತನಕ. ಒಬ್ಬರ ಆಧಾರ್ ಸ್ಕ್ಯಾನ್ ಮಾಡಿದರೆ ನೆನಪೂ ಅಲ್ಲಿಗೇ ಹೋಯಿತು. ಡೆಸ್ಕ್‌ಟಾಪಿನಲ್ಲೇ ಇಡುತ್ತೇವೆ ಎನ್ನುವವರೇ, ನಿಮ್ಮ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ. ಫಾರ್ಮ್ಯಾಟ್ ಮಾಡಿಸಿದ ದಿನ ಮಾತಾಡೋಣ.

ಈ ಪಟ್ಟಿಯ ನಿಜವಾದ ಲಾಭ ಎಕ್ಸ್‌ಪ್ಲೋರರಿನಲ್ಲಿ ಇಲ್ಲವೇ ಇಲ್ಲ, ಅದನ್ನೇ ಯಾರೂ ಗಮನಿಸುವುದಿಲ್ಲ. ಒಮ್ಮೆ ಪಿನ್ ಮಾಡಿದ್ದು ಓಪನ್, ಸೇವ್ ಆ್ಯಸ್ ಡಬ್ಬಿಗಳ ಎಡಗಡೆಯೂ ಬಂದು ಕೂರುತ್ತೆ. ಫೋಟೋಶಾಪ್‌ನಲ್ಲಿ ಸೇವ್, ಕ್ರೋಮ್‌ನಲ್ಲಿ ಅಪ್‌ಲೋಡ್, ವಾಟ್ಸ್‌ಆ್ಯಪ್ ವೆಬ್‌ನಲ್ಲಿ ಅಟ್ಯಾಚ್, ಎಲ್ಲ ಕಡೆ ಒಂದೇ ಕ್ಲಿಕ್. ವರ್ಡ್ ಮಾತ್ರ ನಡುವೆ ತನ್ನದೇ ದೊಡ್ಡ ಪುಟ ತೋರಿಸಿ ಒನ್‌ಡ್ರೈವ್ ಕಡೆ ಎಳೆಯುತ್ತೆ. ಅಲ್ಲಿ ಎಫ್12 ಒತ್ತಿ, ನೇರ ಹಳೇ ಡಬ್ಬಿ ಬರುತ್ತೆ. ಕ್ರೋಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗಿನಲ್ಲಿ ಪ್ರತೀ ಫೈಲಿಗೂ ಎಲ್ಲಿ ಇಡಬೇಕೆಂದು ಕೇಳು ಎನ್ನುವುದನ್ನು ಆನ್ ಮಾಡಿ. ಡೌನ್‌ಲೋಡ್ಸ್ ಎಂಬ ತಿಪ್ಪೆ ಅರ್ಧ ಕರಗುತ್ತೆ.

ಕೈ ಕೊಡುವುದು ಪೆನ್‌ಡ್ರೈವ್ ಮತ್ತು ಹೊರಗಿನ ಹಾರ್ಡ್ ಡಿಸ್ಕ್. ಇವತ್ತು ಇ ಅಕ್ಷರ, ನಾಳೆ ಇನ್ನೇನೋ ಮೊದಲು ಚುಚ್ಚಿದ್ದರಿಂದ ಎಫ್. ಪಿನ್ ಇನ್ನೂ ಇ ಕಡೆಗೇ ಬೆರಳು ತೋರಿಸುತ್ತಾ ಇರುತ್ತೆ, ಒತ್ತಿದರೆ ಜಾಗ ಸಿಗುತ್ತಿಲ್ಲ ಎನ್ನುತ್ತೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ, ಆ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್. ಪಿ ಅಥವಾ ಎಕ್ಸ್‌ನಂಥ ದೂರದ ಅಕ್ಷರ ಕೊಡಿ. ಆ ಕಂಪ್ಯೂಟರಿನಲ್ಲಿ ಮುಂದೆ ಅದೇ ಅಕ್ಷರ ಉಳಿಯುತ್ತೆ. ಆ ರೈಟ್ ಕ್ಲಿಕ್ ಮೆನುವಿನಲ್ಲಿ ಕೆಳಗೆ ಫಾರ್ಮ್ಯಾಟ್ ಅಂತಲೂ ಇದೆ, ಕೈ ಜೋಪಾನ.

ನೆಟ್‌ವರ್ಕ್ ಫೋಲ್ಡರ್ ಇನ್ನೂ ತಲೆನೋವು. ಒಳಗಿನ ಕೋಣೆಯ ಕಂಪ್ಯೂಟರಿನ ಫೋಲ್ಡರನ್ನು ಪಿನ್ ಮಾಡಿರುತ್ತೀರಿ. ಮಳೆಗಾಲದಲ್ಲಿ ಕರೆಂಟ್ ಹೋಗುತ್ತೆ, ಯುಪಿಎಸ್ ಇರುವುದು ಹೊರಗಿನದ್ದಕ್ಕೆ ಮಾತ್ರ. ಒಳಗಿನದು ಸತ್ತಿದೆ, ಹೊರಗಿನದು ಅದನ್ನು ಕರೆಯುತ್ತಲೇ ಇದೆ. ಎಕ್ಸ್‌ಪ್ಲೋರರ್ ತೆರೆಯೋಕೇ ಅರ್ಧ ನಿಮಿಷ. ಕಂಪ್ಯೂಟರ್ ಸ್ಲೋ ಆಯಿತು ಅಂತ ರ‍್ಯಾಮ್ ಹಾಕಿಸುವ ಮೊದಲು ಆ ಪಿನ್ ತೆಗೆದು ನೋಡಿ, ದುಡ್ಡು ಉಳಿದೀತು.

ಪಿನ್ ತೆಗೆದರೂ ಹೋಗುತ್ತಿಲ್ಲ, ಪಟ್ಟಿ ತೆರೆಯುತ್ತಲೇ ಇಲ್ಲ ಎಂಬ ಹಂತ ಬಂದರೆ ಪಟ್ಟಿಯ ಫೈಲೇ ಕೆಟ್ಟಿರುತ್ತೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಶೆಲ್, ಕೋಲನ್, ರೀಸೆಂಟ್, ಬ್ಯಾಕ್‌ಸ್ಲ್ಯಾಶ್, ಆಟೋಮ್ಯಾಟಿಕ್‌ಡೆಸ್ಟಿನೇಶನ್ಸ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಅಲ್ಲಿ ಎಫ್01ಬಿ4ಡಿ95 ಎಂದು ಶುರುವಾಗುವ ಫೈಲ್ ಅಳಿಸಿ, ಎಕ್ಸ್‌ಪ್ಲೋರರ್ ಮುಚ್ಚಿ ತೆರೆಯಿರಿ. ನಿಮ್ಮ ಪಿನ್‌ಗಳೆಲ್ಲ ಹೋಗಿ ಹೊಸ ಪಟ್ಟಿ ಬರುತ್ತೆ. ಅದಕ್ಕೇ ಅಳಿಸುವ ಮೊದಲು ಮೊಬೈಲಿನಲ್ಲಿ ಹಳೇ ಪಟ್ಟಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಪಟ್ಟಿ ತಾನಾಗಿ ಕೆಳಗೆ ಓಡುತ್ತೆ ಎನ್ನುವವರು ಅದರ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪ್ಯಾಂಡ್ ಎಂದು ಶುರುವಾಗುವ ಟಿಕ್ ತೆಗೆಯಿರಿ. ಪಟ್ಟಿಯೇ ಕಾಣೆಯಾಗಿದ್ದರೆ ವಿಂಡೋಸ್ 11ರಲ್ಲಿ ವ್ಯೂ, ಶೋ, ನ್ಯಾವಿಗೇಶನ್ ಪೇನ್. ಗ್ಯಾಲರಿ ತೆಗೆಯೋಕೆ ರಿಜಿಸ್ಟ್ರಿ (ವಿಂಡೋಸಿನ ಒಳ ಸೆಟ್ಟಿಂಗ್ ಕಡತ) ತಿದ್ದುವ ಉಪಾಯ ಹೇಳುವವರಿದ್ದಾರೆ. ಒಂದು ಸಾಲಿಗೋಸ್ಕರ ಅಷ್ಟು ಹಟ ಬೇಡ. ಲೆಕ್ಕ ಕೇಳಿದರೆ ನನ್ನ ಪ್ರಕಾರ ಎಂಟು ಪಿನ್ ಸಾಕು. ಸ್ಕ್ರಾಲ್ ಮಾಡಬೇಕಾಗಿ ಬಂದರೆ ಅದು ಎರಡನೇ ತಿಪ್ಪೆ.

ಲಿನಕ್ಸ್‌ನವರು ನಗುತ್ತಿರಬಹುದು, ನಗಲಿ, ಅವರಿಗೆ ಹಕ್ಕಿದೆ. ಮಿಂಟ್‌ನ ನೀಮೋ, ಉಬುಂಟುವಿನ ಫೈಲ್ಸ್, ಎಕ್ಸ್‌ಪ್ಲೋರರಿನಂಥವೇ ಆದ ಈ ಎರಡರಲ್ಲೂ ಕಂಟ್ರೋಲ್ ಡಿ ಒತ್ತಿದರೆ ತೆರೆದಿರುವ ಫೋಲ್ಡರ್ ಬುಕ್‌ಮಾರ್ಕ್ ಆಯಿತು, ಎಫ್9 ಒತ್ತಿದರೆ ಸೈಡ್‌ಬಾರ್ ಬರುತ್ತೆ, ಹೋಗುತ್ತೆ. ಫೋಲ್ಡರ್ ಮುಟ್ಟದೆ ಪಟ್ಟಿಯ ಹೆಸರು ಮಾತ್ರ ಬದಲಿಸಬಹುದು. ವಿಂಡೋಸ್ ಕಿತ್ತುಕೊಂಡ ಸೌಕರ್ಯ ಅಲ್ಲಿ ಇನ್ನೂ ಇದೆ. ಲಿನಕ್ಸಿನದೇ ಇನ್ನೊಂದು ಮುಖ ಕೆಡಿಇಯ ಡಾಲ್ಫಿನ್‌ನಲ್ಲಂತೂ ಐಕಾನೂ ನಿಮ್ಮಿಷ್ಟ. ಮ್ಯಾಕ್‌ನಲ್ಲಿ ಫೋಲ್ಡರ್ ಆರಿಸಿ ಕಂಟ್ರೋಲ್, ಕಮಾಂಡ್, ಟಿ ಒಟ್ಟಿಗೆ. ಉಳಿದ ಟಿಕ್‌ಗಳು ಫೈಂಡರ್ (ಮ್ಯಾಕಿನ ಎಕ್ಸ್‌ಪ್ಲೋರರ್) ಸೆಟ್ಟಿಂಗ್ಸ್‌ನ ಸೈಡ್‌ಬಾರ್ ಟ್ಯಾಬಿನಲ್ಲಿ.

ಇಷ್ಟೆಲ್ಲ ಕೌಂಟರಿನಲ್ಲಿ ಹೇಳಲಿಲ್ಲ. ಹಿಂದೆ ಸಾಲಿತ್ತು. ನನ್ನ ಎರಡು ಝೆರಾಕ್ಸ್ ತೆಗೆದುಕೊಂಡು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಹೆಗ್ಡೇರ ದನಿ ಕೇಳಿಸಿತು: "ತಮಾ, ಹುಡುಗನ ಅಪ್ಪನ ಇನಿಶಿಯಲ್ ತಪ್ಪಿದ್ದಲಾ." ಹುಡುಗ ದಿಸ್ ಪಿಸಿ ಒತ್ತಿದ.