ಪುಣ್ಯಕೋಟಿ ಕೇಳಿ ಅತ್ತವರಲ್ವಾ ನಾವು?

ಅಜ್ಜನನ್ನು ಕಳೆದುಕೊಂಡ ಹುಡುಗಿಯ ಕಾದಂಬರಿ ಬಗ್ಗೆ ಬರೆದು, ಸಾವಿನ ಕಥೆ ಮಕ್ಕಳ ಕೈಗೆ ಕೊಡಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕೊಡಿ. ಗೋವಿನ ಹಾಡಲ್ಲಿ ಪುಣ್ಯಕೋಟಿ ಕರುವಿಗೆ ಕೊನೇ ಸಲ ಹಾಲು ಕುಡಿಸಿ, ಅದನ್ನು ಬೇರೆ ಹಸುಗಳಿಗೆ ಒಪ್ಪಿಸಿ ಹುಲಿ ಹತ್ತಿರ ಹೊರಡುತ್ತಾಳೆ. ಕೊನೆಗೆ ಸಾಯೋದು ಹುಲಿ. ಪುಟ್ಟ ಮಕ್ಕಳಿಗೂ ಅದನ್ನು ಹಾಡಿ ಹೇಳುತ್ತೇವೆ.

ನಮ್ಮದು ಮೂಡಿಗೆರೆ ಕಡೆ. ಎರಡು ವರ್ಷದ ಹಿಂದೆ ಕಾಫಿ ಕೊಯ್ಲಿನ ಟೈಮಲ್ಲಿ ನಮ್ಮಮ್ಮ ತೀರಿಕೊಂಡರು. ಎಂಟು ವರ್ಷದ ಮಗಳನ್ನು ಹಾಸನಕ್ಕೆ ಅವಳ ಸೋದರಮಾವನ ಮನೆಗೆ ಕಳಿಸಿ, ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಅಂತ ಸುಳ್ಳು ಹೇಳಿದೆವು. ವಾಪಸ್ ಬಂದವಳು ಏನೂ ಕೇಳಲಿಲ್ಲ. ಅಜ್ಜಿಯ ಎಲೆಅಡಿಕೆ ಚೀಲವನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ಒಳಗೆ ಅಡಕತ್ತರಿ, ಸುಣ್ಣ ಒಣಗಿ ಮುಚ್ಚಳ ಕಚ್ಚಿಕೊಂಡ ಡಬ್ಬಿ. ಒಂದು ರಾತ್ರಿ, "ಇದನ್ನು ಬಿಟ್ಟು ಅಜ್ಜಿ ಎಲ್ಲಿಗೂ ಹೋಗಲ್ಲ, ಅಲ್ವಾ ಅಪ್ಪ?" ಅಂದಳು. ನಿಜ ಹೇಳಿದ್ದು ನನ್ನ ಹೆಂಡತಿ. ನಾನು ಟಾರ್ಚ್ ಹಿಡಿದು ತೋಟದ ಕಡೆ ಹೋದೆ, ಪಂಪ್ ನೋಡೋ ನೆಪ!

ಒಂದು ತಕರಾರಿದೆ. "ಮಕ್ಕಳಿಗೆ ಧೈರ್ಯ ಕಲಿಸುವ ಪುಸ್ತಕ" ಅಂದಿದ್ದೀರಿ. ಧೈರ್ಯ ಜಾಸ್ತಿ ಬೇಕಿದ್ದದ್ದು ನನಗೆ. ಅಂದ ಹಾಗೆ, ಪುಸ್ತಕ ಪೋಸ್ಟಲ್ಲಿ ಸಿಗುತ್ತಾ?