ಹೊಸ ಗೋಡೆಗೆ ಮುಪ್ಪು ಬರಿಸುವ ವಿಧಾನ

ಬಾಡಿಗೆ ಮನೆಯ ಗೋಡೆಗೆ ಮುಪ್ಪು ಪುಕ್ಕಟೆ ಬರುತ್ತದೆ. ಸ್ವಂತ ಫ್ಲ್ಯಾಟಿನ ಗೋಡೆಗೆ ಅದನ್ನೇ ತರಿಸಬೇಕೆಂದರೆ ಎರಡು ಕೋಟ್ ಪುಟ್ಟಿ, ಒಂದು ಕೋಟ್ ಪ್ರೈಮರ್, ಎರಡು ಕೋಟ್ ಎಮಲ್ಷನ್ ಬಣ್ಣ ಆದಮೇಲೆ ಕೆಲಸ ಶುರು. ಮೊದಲು ಮದುಮಗಳ ಅಲಂಕಾರ, ಆಮೇಲೆ ಅದರ ಮೇಲೇ ಅಜ್ಜಿಯ ವೇಷ.

ಅಡಿಯ ಬಣ್ಣ ತುಸು ಮಿನುಗುವ ಸ್ಯಾಟಿನ್ ಆಗಿರಲಿ. ಮಿನುಗದ ಮ್ಯಾಟ್ ಬಳಿದಿದ್ದರೆ ಮೇಲೆ ಹಚ್ಚಿದ್ದನ್ನೆಲ್ಲ ಗೋಡೆ ಕುಡಿದುಬಿಡುತ್ತದೆ, ಒರೆಸಿದರೂ ಬಿಡುವುದಿಲ್ಲ. ಹಳೇ ಅರಮನೆ ಆಗಬೇಕಾದದ್ದು ಬೀಡಿ ಸೇದುವವರ ರೂಮಾಗುವುದು ಇಲ್ಲೇ. ಒಂದು ಪಾಲು ಕಂದು ಎಮಲ್ಷನ್‌ಗೆ ನಾಲ್ಕು ಪಾಲು ಗ್ಲೇಜ್ ಬೆರೆಸಿ. ಗ್ಲೇಜ್‌ಗೆ ತನ್ನದೇ ಬಣ್ಣವಿಲ್ಲ. ಬಣ್ಣವನ್ನು ತೆಳುವಾಗಿಸಿ, ಒಣಗುವುದನ್ನು ತಡಮಾಡುವುದಷ್ಟೇ ಅದರ ಕೆಲಸ. ಹತ್ತಡಿಗೆ ಹತ್ತಡಿ ಗೋಡೆಗೆ ಒಂದು ಲೀಟರ್ ಮಿಶ್ರಣ ಧಾರಾಳ. ಒಂದೇ ಸಲ ಕಲಸಿಡಿ. ಅರ್ಧಕ್ಕೆ ಮುಗಿದು ಮತ್ತೆ ಕಲಸಿದರೆ ಗೋಡೆಯ ಎಡಕ್ಕೆ ಎಂಬತ್ತು ವರ್ಷ, ಬಲಕ್ಕೆ ಅರವತ್ತು.

ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಬ್ರಷ್ಷನ್ನು ಅಡ್ಡಾದಿಡ್ಡಿ ಆಡಿಸುತ್ತ ಸುಮಾರು ಮೂರಡಿ ಅಗಲ ಹಚ್ಚಬೇಕು, ಇನ್ನೊಬ್ಬರು ಹಿಂದೆಯೇ ಒದ್ದೆ ಬಟ್ಟೆಯಿಂದ ಅಲ್ಲಲ್ಲಿ ತೆಗೆಯಬೇಕು. ಅಂಚು ಹಸಿಯಿರುವಾಗಲೇ ಮುಂದಿನ ತುಂಡು ಕೂಡಬೇಕು. ಫ್ಯಾನ್ ಆರಿಸಿಡಿ. ಗಂಡಹೆಂಡಿರು ಸೇರಿ ಮಾಡುವುದಾದರೆ ಫೋನನ್ನೂ ಆರಿಸಿಡಿ. "ರೀ, ಇಲ್ಲಿ ಒಣಗ್ತಾ ಇದೆ!" "ಇರೇ, ಒಂದ್ನಿಮಿಷ" ಅನ್ನುವಷ್ಟರಲ್ಲಿ ಮೇಲಿಂದ ಕೆಳಗೆ ಒಂದು ಕಡುಗೆರೆ ಬಿದ್ದಿರುತ್ತದೆ. ಅದರ ಮೇಲೆ ಮತ್ತೆ ತೀಡಿದರೆ ಇನ್ನಷ್ಟು ಕಪ್ಪಾಗುತ್ತದೆ. ಗೋಡೆಯ ನಡುವೆ ಟೀ ಕುಡಿಯಲು ನಿಲ್ಲಬಾರದು, ನಿಲ್ಲುವುದಿದ್ದರೆ ಮೂಲೆಯಲ್ಲೇ.

ಬಿರುಕು ಬೇಕೆನ್ನುವವರು ಇನ್ನೂ ಧೈರ್ಯವಂತರು. ಅಡಿಯ ಬಣ್ಣ ಪೂರ್ತಿ ಒಣಗಿದ ಮೇಲೆ ಫೆವಿಕಾಲ್ ಜಾತಿಯ ಬಿಳಿ ಅಂಟು ಹಚ್ಚಿ, ಅದು ಬೆರಳಿಗೆ ಜಿಗುಟುವಾಗಲೇ ಬೇರೆ ಬಣ್ಣದ ಮ್ಯಾಟ್ ಎಮಲ್ಷನ್ ಎಳೆಯಬೇಕು. ಮೇಲಿನದು ಒಣಗಿ ಕುಗ್ಗುತ್ತದೆ, ಕೆಳಗಿನ ಅಂಟು ಇನ್ನೂ ಮೆತ್ತಗಿರುತ್ತದೆ, ಹಿಡಿತ ಸಿಗದೆ ಬಣ್ಣ ಸೀಳುತ್ತದೆ. ಅಂಟು ಒಣಗಿಹೋಗಿದ್ದರೆ ಒಂದು ಬಿರುಕೂ ಇಲ್ಲ. ಬಿಲ್ಡರ್ ಕಟ್ಟಿದ ಗೋಡೆಯಲ್ಲಿ ಬೇಡವೆಂದರೂ ಬರುವುದು ಇಲ್ಲಿ ಬೇಡಿಕೊಂಡರೂ ಬರುವುದಿಲ್ಲ. ಬ್ರಷ್ ಒಂದು ಜಾಗಕ್ಕೆ ಒಂದೇ ಸಲ. ಸರಿಮಾಡೋಣವೆಂದು ಮತ್ತೆ ಎಳೆದರೆ ಅಂಟು, ಬಣ್ಣ ಎರಡೂ ಕಲಸಿ ಮುದ್ದೆಯಾಗುತ್ತವೆ. ದಪ್ಪ ಅಂಟಿಗೆ ದೊಡ್ಡ ಬಿರುಕು, ಆದರೆ ನಿಂತ ಗೋಡೆಯಲ್ಲಿ ಅಂಟು ಜಾರಿ ಗೋಡೆಯ ಬುಡದ ಸ್ಕರ್ಟಿಂಗ್ ಮೇಲೆ ಕೂರುತ್ತದೆ. ಬಿರುಕು ಬ್ರಷ್ ಹೋದ ದಿಕ್ಕಿಗೇ ಓಡುತ್ತದೆ. ಬಲೆಯಂತೆ ಬೇಕಾದರೆ ರೋಲರ್. ಕೊನೆಗೆ ಆಯಿಲ್ ವಾರ್ನಿಷ್ಷಿನ ತೆಳು ಕೋಟು ಕೊಡಿ, ನೀರಿನ ವಾರ್ನಿಷ್ ತಾಕಿದರೆ ಮಲಗಿದ್ದ ಅಂಟು ಎದ್ದು ಕೂರಬಹುದು.

ತಂತ್ರ ಸರಿಯಾದರೂ ಜಾಗ ತಪ್ಪುವುದೇ ಹೆಚ್ಚು. ಗೋಡೆ ಸವೆಯುವುದು ಸ್ವಿಚ್ಚಿನ ಸುತ್ತ, ಕುರ್ಚಿ ಒರಗುವ ಎತ್ತರದಲ್ಲಿ, ಬಾಗಿಲ ಚೌಕಟ್ಟಿನ ಪಕ್ಕ. ಅಲ್ಲಿ ಮೇಲಿನ ಬಣ್ಣ ಬಳಿಯುವ ಮೊದಲೇ ಮೇಣದಬತ್ತಿ ಉಜ್ಜಿಟ್ಟರೆ, ಬಣ್ಣ ಒಣಗಿದ ಮೇಲೆ 120 ನಂಬರಿನ ಸ್ಯಾಂಡ್ ಪೇಪರಿಗೆ ಸಲೀಸಾಗಿ ಏಳುತ್ತದೆ. ಎಂಟಡಿ ಎತ್ತರದಲ್ಲಿ ಸವೆಸಿದರೆ ಹಲ್ಲಿಗಳ ಮೇಲೆ ಅನುಮಾನ. ಸ್ಪಂಜಿನಿಂದ ಅಂಗೈಯಗಲಕ್ಕೊಂದರಂತೆ ಸಮನಾಗಿ ಕಲೆ ಒತ್ತಿದರೆ ಗೋಡೆಗೆ ಸಿಡುಬು ಎದ್ದಂತೆಯೇ ಲೆಕ್ಕ.

ಮಹಡಿಯ ಬಾತ್‌ರೂಮಿನಿಂದ ನಿಜವಾಗಿ ನೀರು ಜಿನುಗುತ್ತಿದ್ದರೆ ಇದ್ಯಾವುದನ್ನೂ ಮಾಡಬೇಡಿ. ಒಳಗಿನ ಉಪ್ಪು ಹೊರಗೆ ಉಕ್ಕಿ ಗ್ಲೇಜು, ಅಂಟು, ವಾರ್ನಿಷ್ ಎಲ್ಲವನ್ನೂ ಹಕ್ಕಳೆಯೆಬ್ಬಿಸುತ್ತದೆ. ಅಸಲಿ ಮುಪ್ಪು ಯಾವುದು, ನಕಲಿ ಯಾವುದು ಎಂದು ಪ್ಲಂಬರ್‌ಗೆ ತೋರಿಸುವಷ್ಟರಲ್ಲಿ ಸಾಕಾಗುತ್ತದೆ. ಮುಂದಿನ ಸಲ ಪೇಂಟಿಂಗ್‌ಗೆ ಜನ ಬಂದಾಗ ಮಾತ್ರ ನೀವು ಮನೆಯಲ್ಲೇ ಇರಬೇಕು. ಇಲ್ಲವಾದರೆ "ಮೇಡಂ, ಆ ಹಾಳಾಗಿದ್ದ ಗೋಡೆಗೆ ಫ್ರೀಯಾಗೇ ಪುಟ್ಟಿ ಹೊಡೆದಿದೀನಿ" ಅನ್ನುತ್ತಾರೆ.